ಯಂತ್ರದ ಕಂಠ

ಘೋಡಗೇರಿಯ ಸೀಮೆಯಲ್ಲಿ ಶ್ರೀಕೃಷ್ಣಪಾರಿಜಾತವನ್ನು ನೋಡುತ್ತ ಬೆಳೆದ ವಾಚಕರಿಗೆ ವೇಷವೆಂಬದು ಹೊಸದಲ್ಲ. ಕುಲಗೋಡ ತಮ್ಮಣ್ಣನು ರೂಪಕೊಟ್ಟ ಆ ಆಟದಲ್ಲಿ ಸತ್ಯಭಾಮೆಯಾಗಿ ನಿಂತವರು ಯಾವ ಮನೆಯವರೆಂಬದು ನೋಡುವವರಿಗೆಲ್ಲ ಗೊತ್ತು. ಗೊತ್ತಿದ್ದೂ ಆಕೆಯ ಮುನಿಸಿಗೆ ಮರುಗುವರು. ಕೃತಕ ಬುದ್ಧಿಯ ಯಂತ್ರವು ಕಟ್ಟುವ ವೇಷವಾದರೋ ಬೇರೆ ಬಗೆಯದು. ಅದರೊಳಗೆ ಆಳೇ ಇಲ್ಲದಿರಬಹುದು; ಇಲ್ಲವೆ ಒಬ್ಬನ ಮುಖವನ್ನು ಅವನಿಗೆ ತಿಳಿಸದೆಯೇ ತೊಟ್ಟಿರಬಹುದು.

ಇದನ್ನು ತೂಗಿ ನೋಡಲು ಕನ್ನಡದಲ್ಲಿಯೇ ಒಂದು ನಿದರ್ಶನವುಂಟು. 'ಜೇಮ್ಸ್' ಚಿತ್ರಪಟದ ಮಾತುಗಳಿಗೆ ಕಂಠವನ್ನು ಕೊಟ್ಟು ಮುಗಿಸುವ ಮೊದಲೇ ನಾಯಕ ಪುನೀತ ರಾಜಕುಮಾರರು 2021ರ ಅಕ್ಟೋಬರ 29ರಂದು ತೀರಿಕೊಂಡರು. 2022ರ ಮಾರ್ಚ 17ರಂದು, ಅವರ ಹುಟ್ಟುಹಬ್ಬದ ದಿನವೇ, ಚಿತ್ರವು ತೆರೆಗೆ ಬಂದಾಗ ಅವರ ತುಟಿಗಳಿಗೆ ಅಣ್ಣ ಶಿವರಾಜಕುಮಾರರು ಮಾತು ಕೊಟ್ಟಿದ್ದರು. ಮರುತಿಂಗಳಲ್ಲಿ ತಂತ್ರಬಲದಿಂದ ಪುನೀತರದೇ ಧ್ವನಿಯನ್ನು ಮೂಡಿಸಿದ ಪ್ರತಿಯು ಬಂದಿತು. ಅದನ್ನು ಬಚ್ಚಿಡದೆ ಸಾರಿದ್ದರಿಂದ ಅಲ್ಲಿ ಮೋಸವಿರಲಿಲ್ಲ. ಆದರೂ ರಸದೃಷ್ಟಿಯಿಂದ ನಮ್ಮ ಮನಸ್ಸು ಮೊದಲಿನ ಪ್ರತಿಯ ಕಡೆಗೇ ವಾಲುವದು. ತಮ್ಮನ ಮುಖ, ಅಣ್ಣನ ದನಿ. ಅವೆರಡೂ ಕೂಡದ ಎಡೆಯಲ್ಲಿ ಒಂದು ಮನೆಯ ದುಃಖವೇ ಕೇಳಿಸುತ್ತಿತ್ತು. ಯಂತ್ರವು ಆ ಕುಂದನ್ನು ತಿದ್ದಿತು, ದುಃಖವನ್ನೂ ಒರಸಿತು.

2025ರಲ್ಲಿ ಎಸ್. ನರಸಿಂಹಮೂರ್ತಿಯವರು 'ಲವ್ ಯು' ಎಂಬ 95 ನಿಮಿಷದ ಚಿತ್ರವನ್ನು ಸುಮಾರು 10 ಲಕ್ಷ ರೂಪಾಯಿಗಳಲ್ಲಿ, ನಟರಿಲ್ಲದೆ, ಯಂತ್ರದಿಂದಲೇ ಮಾಡಿಸಿದರು. ಬಡ ನಿರ್ಮಾಪಕನಿಗೆ ಇದು ದೊಡ್ಡ ಆಸೆಯ ಮಾತು. ನಾವು ಅದನ್ನು ಹಳಿಯಲಾರೆವು. ಆದರೆ ಇಂಥ ಯಂತ್ರಗಳು ಲಕ್ಷಾಂತರ ಜನರ ಚಿತ್ರಗಳನ್ನು ನೋಡಿ ಕಲಿತವುಗಳು. ಅವು ಕಟ್ಟಿದ ಮುಖವು ನಾಳೆ ಜೀವಂತ ವ್ಯಕ್ತಿಯೊಬ್ಬನನ್ನು ಹೋತರೆ ಉತ್ತರ ಹೇಳುವವರಾರು? ಗಣಕಯಂತ್ರದಿಂದ ಹುಟ್ಟಿದ ಕೃತಿಗೆ ಅದನ್ನು ಹುಟ್ಟಿಸಿದವನನ್ನೇ ನಮ್ಮ ದೇಶದ ಕೃತಿಸ್ವಾಮ್ಯದ ಕಾಯಿದೆಯು ಕರ್ತೃವೆಂದು ಎಣಿಸುವದು. ಕರ್ತೃತ್ವ ಬೇಕಾದವನು ಹೊಣೆಯನ್ನೂ ಹೊರಬೇಕಲ್ಲವೆ?

ಹಕ್ಕು ಇದ್ದ ಮಾತ್ರಕ್ಕೆ ಔಚಿತ್ಯ ಬಾರದು. 2013ರ 'ರಾಂಝಣಾ' ಚಿತ್ರದ ತಮಿಳು ಪ್ರತಿಯನ್ನು 2025ರ ಆಗಸ್ಟದಲ್ಲಿ ಮತ್ತೆ ತೆರೆಗೆ ತಂದವರು, ಸಾಯುವ ನಾಯಕನನ್ನು ಯಂತ್ರದಿಂದ ಬದುಕಿಸಿದರು. ದಿಗ್ದರ್ಶಕ ಆನಂದ ರಾಯರೂ ನಟ ಧನುಷರೂ ಬಹಿರಂಗವಾಗಿ ಪ್ರತಿಭಟಿಸಿದರು, ಫಲವಾಗಲಿಲ್ಲ. ಮರಣಾಂತ್ಯದ ಕಥೆಗೆ ಇಂಥ ಉಪಕಾರ!

ಇದು ದೂರದ ದೊಡ್ಡವರ ವ್ಯಾಜ್ಯವೆಂದು ನಾವು ಸುಮ್ಮನಿರುವಂತಿಲ್ಲ. ಗೋಕಾಕದ ಕರದಂಟಿನ ಅಂಗಡಿಯ ಜಾಹೀರಾತೂ ಹುಕ್ಕೇರಿಯ ಮದುವೆಯ ಚಿತ್ರಣವೂ ಇದೇ ಯಂತ್ರಕ್ಕೆ ಸಿಕ್ಕುವ ದಿನಗಳಿವು. ಮುಖವನ್ನೋ ದನಿಯನ್ನೋ ಕೊಡುವವನಿಂದ ಒಪ್ಪಿಗೆಪತ್ರವನ್ನು ಬರೆಯಿಸಿಕೊಳ್ಳಬೇಕು. ಯಾವ ಕೆಲಸಕ್ಕೆ, ಎಷ್ಟು ಕಾಲಕ್ಕೆ, ಅವನು ಸತ್ತ ಮೇಲೆ ಯಾರ ಮಾತಿನಂತೆ ಎಂಬದು ಅದರಲ್ಲಿರಬೇಕು. ಯಂತ್ರದ ಒಡೆಯರು ತಮ್ಮಲ್ಲಿ ಬಂದ ಚಿತ್ರಗಳನ್ನು ಮುಂದೆ ಏನು ಮಾಡುವರೆಂಬದನ್ನು ಓದಿಕೊಳ್ಳದೆ, ಗಿರಾಕಿಯ ಮನೆಯ ಚಿತ್ರಗಳನ್ನು ಅದಕ್ಕೆ ಉಣಿಸಬಾರದು. ಯಂತ್ರಕೃತ ದೃಶ್ಯಗಳಿಗೆ ಗುರುತು ಹಚ್ಚಬೇಕೆಂಬ ಕೇಂದ್ರ ಸರಕಾರದ ನಿಯಮವೂ 2026ರ ಫೆಬ್ರುವರಿಯಲ್ಲಿ ಬಂದಿದೆ. ಗುರುತು ಕಂಡರೆ ಚಿತ್ರದ ಚೆಲುವು ಕೆಡುವದೆಂಬುವರಿಗೆ ಪಾರಿಜಾತದ ಒಂದು ರಾತ್ರಿಯನ್ನು ತೋರಿಸಬೇಕು.

'ಜೇಮ್ಸ್' ಚಿತ್ರವನ್ನು ಮುಂದಿನವರಿಗಾಗಿ ಕಾಪಿಡುವವರಲ್ಲಿ ನಮ್ಮದೊಂದು ಕೋರಿಕೆ: ಅಣ್ಣನ ಕಂಠದ ಪ್ರತಿಯನ್ನು ಕಳೆಯಬಾರದು.