ಅಂಚಿನಿಂದ ಶುರುಮಾಡಿ

ಹಳೇಬೀಡಿನ ಕೆರೆಯ ಫೋಟೋ ಒಂದನ್ನು ಹತ್ತು ಮಂದಿಗೆ ತೋರಿಸಿ. ಆರು ಮಂದಿ ‘ಸೂಪರ್’ ಎನ್ನುತ್ತಾರೆ. ಮೂವರು ‘ಯಾವ ಕ್ಯಾಮೆರಾ?’ ಎಂದು ಕೇಳುತ್ತಾರೆ, ಹೋಳಿಗೆ ತಿಂದು ಯಾವ ಬಾಣಲೆ ಎಂದು ಕೇಳಿದ ಹಾಗೆ. ಉಳಿದೊಬ್ಬ ‘ಥೇಟ್ ವಾಲ್‌ಪೇಪರ್’ ಎನ್ನುತ್ತಾನೆ. ಹೊಗಳಿದೆನೆಂದೇ ಅವನ ಎಣಿಕೆ.

ಫೋಟೋ ತೆಗೆಯುವವರಿಗೆ ನಮ್ಮಲ್ಲಿ ಬರವಿಲ್ಲ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೋ ಪಟ್ಟಿಗೆ ಸೇರಿದ ಮೇಲಂತೂ ಗುಡಿಗಳ ಜಗತಿಯ ಮೇಲೆ ಟ್ರೈಪಾಡ್ ಕಾಲಿಗೆ ಎಡವದೆ ನಡೆಯುವ ಹಾಗಿಲ್ಲ. (ಆ ಪಟ್ಟಿಗೆ ಸೇರದ ನಮ್ಮ ಅರಸೀಕೆರೆ ಶಿವಾಲಯ ಇನ್ನೂ ನೆಮ್ಮದಿಯಾಗಿದೆ.) ಬರ ಇರುವುದು ನೋಡಿ ಮಾತಾಡುವವರಿಗೆ. ಈ ಬರಹ ಅಂಥವರಿಗಾಗಿ. ಮೂರನೇ ಒಂದರ ನಿಯಮ, ಅಪರ್ಚರ್, ಐಎಸ್‌ಒ ಎಲ್ಲ ನಿಮಗೆ ಗೊತ್ತಿದ್ದೇ ಇರುತ್ತದೆ. ಗೊತ್ತಿಲ್ಲದಿದ್ದರೂ ನಷ್ಟವಿಲ್ಲ.

ನಾನು ಕೇಳುವುದು ಒಂದೇ: ಮೊದಲು ಅಂಚು ನೋಡಿ. ನಟ್ಟನಡುವೆ ಏನಿದೆ ಎಂಬುದನ್ನು ತೆಗೆದವನೇ ನೋಡಿರುತ್ತಾನೆ. ಅದಕ್ಕಾಗಿಯೇ ಅವನು ಗುಂಡಿ ಒತ್ತಿದ್ದು. ಅವನು ನೋಡದೇ ಬಿಟ್ಟಿದ್ದೆಲ್ಲ ನಾಲ್ಕು ಅಂಚಿನಲ್ಲಿ, ನಾಲ್ಕು ಮೂಲೆಯಲ್ಲಿ ಕೂತಿರುತ್ತದೆ. ಅರಸೀಕೆರೆ ಸೀಮೆಯವರಿಗೆ ಇದನ್ನು ವಿವರಿಸುವುದು ಸುಲಭ, ನಮಗೆ ತೆಂಗಿನ ಮರ ಇದೆ. ಚಿತ್ರದ ಮೇಲಂಚು ತೆಂಗಿನ ಮರವನ್ನು ಎಲ್ಲಿ ಕತ್ತರಿಸಿದೆ ನೋಡಿ. ಬರೀ ಕಾಂಡ ಉಳಿದಿದ್ದರೆ ಅದು ಕಂಬವಾಯಿತು. ಕಂಬಗಳಾಗಿಯೇ ಬೇಕೆಂದು ತೆಗೆದಿದ್ದರೆ ಸರಿ, ಸಾಲು ಹಿಡಿದು ಕಣ್ಣು ಒಳಕ್ಕೆ ಹೋಗುತ್ತದೆ. ಗರಿಗಳ ಬುಡ ಕಂಡು ಸುಳಿ ಕಾಣದೆ ಹೋದರೆ ಕತ್ತು ಕೊಯ್ದ ಹಾಗೆ. ಗರಿಯ ತುದಿಗಳು ಅಂಚಿಗೆ ತಾಗಿಯೂ ತಾಗದ ಹಾಗಿದ್ದರೆ ಇನ್ನೂ ಹಿಂಸೆ, ಬಾಗಿಲಿಗೆ ತಲೆ ತಗುಲೀತೆಂದು ಕುಗ್ಗುವವರನ್ನು ನೋಡಿದಂತಾಗುತ್ತದೆ. ಇನ್ನು ಪಕ್ಕದ ತೋಟದ ಯಾವುದೋ ಮರದ ಒಂದೇ ಒಂದು ಗರಿ ಬಲಮೂಲೆಯಿಂದ ಇಣುಕಿದರಂತೂ ಮುಗಿಯಿತು. ಹೇಳಿ, ಬಿಡಬೇಡಿ.

ಇದು ನನಗೆ ಹುಟ್ಟಿನಿಂದ ಬಂದ ಬುದ್ಧಿಯಲ್ಲ. ಫಿಲಂ ಕಾಲದ ಮಾತು. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಎದುರಿನ ಕೆರೆಯನ್ನು ನಸುಕಿನಲ್ಲಿ ತೆಗೆದಿದ್ದೆ: ನೀರು, ಮಂಜು, ಒಂದು ತೆಪ್ಪ. ಕಾಲೇಜಿನ ಸ್ಪರ್ಧೆಯಲ್ಲಿ ಬಹುಮಾನ ಬಂತು. ತೀರ್ಪುಗಾರರು ‘ಅದ್ಭುತ’ ಎಂದರು. ಯಾವುದು ಅದ್ಭುತ ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಹನ್ನೆರಡಕ್ಕೆ ಹದಿನೈದು ಅಂಗುಲದ ಆ ಪ್ರಿಂಟನ್ನು ಅರಸೀಕೆರೆಯಲ್ಲಿ ನೆಗೆಟಿವ್ ತಿದ್ದುತ್ತಿದ್ದ ಹಿರಿಯರೊಬ್ಬರಿಗೆ ಹೆಮ್ಮೆಯಿಂದ ತೋರಿಸಿದೆ. ಅವರು ಕಾಗದದ ಡಬ್ಬಿಯ ರಟ್ಟಿನಿಂದ ಕತ್ತರಿಸಿದ, ಬಡಗಿಯ ಮೂಲೆಮಟ್ಟದಂಥ ಎರಡು ತುಂಡು ತೆಗೆದು ಚಿತ್ರದ ಮೇಲಿಟ್ಟರು. ಬಲಗಡೆಯದನ್ನು ಮೆಲ್ಲಗೆ ಒಳಕ್ಕೆ ಸರಿಸಿ, ಮತ್ತೆ ಆಚೆ ಸರಿಸಿದರು. ಬಲತುದಿಯಲ್ಲಿ, ಏರಿಯ ಮೇಲೆ ಒಣಹಾಕಿದ್ದ ಬಿಳಿ ಪಂಚೆಯ ಅರ್ಧ.

‘ನೋಡಪ್ಪ, ನನ್ ಕಣ್ಣು ತೆಪ್ಪದ ಹತ್ರ ಹೋಯ್ತು, ಅಲ್ಲಿ ನಿಲ್ಲಲಿಲ್ಲ. ಈ ಪಂಚೆ ಹತ್ರ ಬಂತು, ಇಲ್ಲಿಂದ್ಲೇ ಆಚೆ ಹೋಯ್ತು.’

ಅಷ್ಟೇ. ಚಿತ್ರ ಕೆಟ್ಟದು ಅನ್ನಲಿಲ್ಲ, ನನಗೆ ಬುದ್ಧಿಯಿಲ್ಲ ಅನ್ನಲಿಲ್ಲ. ಒಂದು ತಿಂಗಳು ನಾನು ಆ ಪಂಚೆಯನ್ನು ಕಂಡೇ ಇರಲಿಲ್ಲ. ತಮ್ಮ ಕಣ್ಣು ನಡೆದ ದಾರಿಯನ್ನು ಅವರು ವರದಿ ಮಾಡಿದರು. ವಿಮರ್ಶೆ ಅಂದರೆ ಅದು: ಎಲ್ಲಿ ಒಳಗೆ ಬಂದೆ, ಎಲ್ಲಿ ನಿಂತೆ, ಎಲ್ಲಿಂದ ಹೊರಗೆ ಹೋದೆ. ಕಣ್ಣು ಬೆಳಕಿಗೆ ಸೋಲುತ್ತದೆ, ಆದ್ದರಿಂದ ಮೂಲೆಯ ಬಿಳಿ ಚುಕ್ಕೆಯೇ ಬಹುಪಾಲು ಚಿತ್ರಗಳ ಹಿತ್ತಿಲ ಬಾಗಿಲು. ಅನುಮಾನವಿದ್ದರೆ ಚಿತ್ರವನ್ನು ತಲೆಕೆಳಗು ಮಾಡಿ ನೋಡಿ. ದೊಡ್ಡ ಪ್ಲೇಟ್ ಕ್ಯಾಮೆರಾಗಳ ಗಾಜಿನ ಮೇಲೆ ಊರೇ ತಲೆಕೆಳಗಾಗಿ ಮೂಡುತ್ತಿತ್ತು. ಗುಡಿ ಗುಡಿಯಾಗಿ ಕಾಣದೆ ಬರೀ ತೂಕವಾಗಿ ಕಾಣುತ್ತಿತ್ತು.

ಫೋಕಸ್ ಬಗ್ಗೆ ‘ಶಾರ್ಪ್ ಇಲ್ಲ’ ಎಂದರೆ ಯಾರಿಗೂ ಉಪಯೋಗವಿಲ್ಲ. ಮಸುಕು ಮೂರು ಬಗೆ. ಕಾಂಡ ಚೂಪಾಗಿದ್ದು ಗರಿ ಮಾತ್ರ ಕಲಸಿಹೋಗಿದ್ದರೆ ಅದು ಗಾಳಿ. ಎಲ್ಲವೂ ಒಂದೇ ದಿಕ್ಕಿಗೆ ಎಳೆದ ಹಾಗಿದ್ದರೆ ಕೈ ನಡುಗಿದೆ. ಮುಂದಿನ ರಾಗಿ ಮೆದೆ ಮಸುಕಾಗಿ ಹಿಂದಿನ ಪುಷ್ಪಗಿರಿ ಬೆಟ್ಟ ಚೂಪಾಗಿದ್ದರೆ ಫೋಕಸ್ ಅಲ್ಲಿಗೆ ಬಿದ್ದಿದೆ. ಯಾವುದೆಂದು ಹೇಳಿದರೆ ತೆಗೆದವನು ನಾಳೆ ತಿದ್ದಿಕೊಳ್ಳುತ್ತಾನೆ. ಬೇಲೂರಿನಾಚೆ ಮಲೆನಾಡಿನ ಅಂಚಿನ ಮಂಜನ್ನು ಫೋಕಸ್ ತಪ್ಪು ಎಂದವರನ್ನೂ ಕಂಡಿದ್ದೇನೆ. ಅವರಿಗೆ ಹೇಳಲು ನನ್ನ ಬಳಿ ಏನೂ ಇಲ್ಲ.

ಎಡಿಟಿಂಗ್ ಮೋಸ ಎನ್ನುವ ಮಡಿವಂತರು ಒಂದು ಕಡೆ, ಹಸಿರನ್ನು ಗಿಳಿಯ ಬಣ್ಣಕ್ಕೆ ಏರಿಸಿ ಸಂಜೆಗೆ ಮಾವಿನ ಸೀಕರಣೆ ಬಳಿಯುವವರು ಇನ್ನೊಂದು ಕಡೆ. ಮಡಿವಂತರು ಮೊದಲು ಇದನ್ನು ಕೇಳಲಿ. ರಿಚರ್ಡ್ ಬ್ಯಾನರ್ ಓಕ್ಲಿ ಎಂಬ ಸೇನಾಧಿಕಾರಿ 1856ರಲ್ಲೇ ಹಳೇಬೀಡಿನ ಗುಡಿಯ ಫೋಟೋ ತೆಗೆದ. ಆಗಿನ ರಾಸಾಯನಿಕಗಳಿಗೆ ನೀಲಿ ಬಣ್ಣ ಅತಿಯಾಗಿ ತಾಗಿ ಆಕಾಶ ಬರೀ ಬಿಳಿಯಾಗುತ್ತಿತ್ತು. ಅದೇ ದಶಕದಲ್ಲಿ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಕಡಲಿಗೊಂದು, ಮೋಡಕ್ಕೊಂದು ನೆಗೆಟಿವ್ ಬಳಸಿ ಒಂದೇ ಪ್ರಿಂಟ್ ಮಾಡಿದ. ಅಮೆರಿಕದ ಆನ್ಸೆಲ್ ಆಡಮ್ಸ್ 1941ರ ತನ್ನ ಚಂದ್ರೋದಯದ ಚಿತ್ರದ ಆಕಾಶವನ್ನು ದಶಕಗಳುದ್ದಕ್ಕೂ ಕಪ್ಪಾಗಿಸುತ್ತಲೇ ಹೋದ. ಆಕಾಶ ಮುಟ್ಟುವುದು ಪಾಪವಲ್ಲ. ಆಕಾಶ ಬದಲಿಸಿ ಕೆರೆಯ ನೀರಿನಲ್ಲಿ ಹಳೆಯ ಆಕಾಶವನ್ನೇ ಉಳಿಸುವುದು ಪಾಪ. ಗುಡಿಯ ಅಂಚಿಗೆ ಬಿಳಿ ಪ್ರಭಾವಳಿ ಮೂಡಿಸುವುದು, ಬೂದುಹಸಿರಿನ ಬಳಪದ ಕಲ್ಲನ್ನು ತಾಮ್ರದ ಹಂಡೆ ಮಾಡುವುದು ಪಾಪ. ಇನ್ನೊಂದಿದೆ. ಹೊಯ್ಸಳೇಶ್ವರದ ಮುಖ ಪೂರ್ವಕ್ಕೆ, ಕೆರೆ ಇರುವುದೂ ಆ ಕಡೆಗೇ. ಜಗತಿಯ ಮೇಲೆ ನಿಂತು ಕೆರೆಯ ಮೇಲೆ ಕಾಣುವುದು ಸೂರ್ಯೋದಯ. ಅಲ್ಲಿಂದ ತೆಗೆದ ಚಿತ್ರಕ್ಕೆ ‘ಹಳೇಬೀಡಿನ ಸೂರ್ಯಾಸ್ತ’ ಎಂದು ಹೆಸರಿಟ್ಟು, ಅದಕ್ಕೆ ತಕ್ಕ ಕೆಂಪನ್ನೂ ಬಳಿದವನಿಗೆ ಎಡಿಟಿಂಗ್ ಬಗ್ಗೆ ಹೇಳುವ ಮುನ್ನ ದಿಕ್ಕು ಹೇಳಿಕೊಡಿ.

ಬೆಂಗಳೂರಿನಲ್ಲಿ 1971ರಿಂದ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಇದೆ, ಸಲೋನ್ ಎಂಬ ಸ್ಪರ್ಧೆಗಳಿವೆ, ಅಂಕಗಳಿವೆ. ಇರಲಿ. ಅಂಕ ಕೊಟ್ಟರೆ ಗೆದ್ದೆನೋ ಸೋತೆನೋ ತಿಳಿಯುತ್ತದೆ, ಪಂಚೆ ಕಾಣುವುದಿಲ್ಲ. ಮುಂದಿನ ಸಲ ಯಾರಾದರೂ ಮೊಬೈಲ್ ಚಾಚಿ ‘ಹೇಗಿದೆ?’ ಎಂದರೆ ತಕ್ಷಣ ಬಾಯಿ ತೆರೆಯಬೇಡಿ. ನಾಲ್ಕು ಅಂಚು ಸುತ್ತಿ ಬನ್ನಿ. ನಿಮ್ಮ ಕಣ್ಣು ಎಲ್ಲಿಂದ ಆಚೆ ಹೋಯಿತೆಂದು ಒಂದೇ ವಾಕ್ಯ ಹೇಳಿ.

ನನ್ನ ಆ ಕೆರೆಯ ಚಿತ್ರ ಈಗಲೂ ನಡುಮನೆಯ ಗೋಡೆಯ ಮೇಲಿದೆ. ಅದರ ಅಗಲ ಈಗ ಹದಿಮೂರೂವರೆ ಅಂಗುಲ.