ಗೆಲಿಲಿಯೊ: ಸ್ವಾವಲಂಬನೆ ಎಷ್ಟು ಪೂರ್ಣ?

ನಾವಿರುವ ಸ್ಥಳವನ್ನು ಮೊಬೈಲ್ ನಿಖರವಾಗಿ ತಿಳಿಸಬೇಕಾದರೆ ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತಗಳು ಅದಕ್ಕೆ ದೊರೆಯಬೇಕು. ಇದಕ್ಕಾಗಿ ಯುರೋಪು ಬಹುಕಾಲ ಅಮೆರಿಕದ ಸೇನೆಯ ಅಧೀನದಲ್ಲಿರುವ ಜಿಪಿಎಸ್ ಅನ್ನೇ ಮುಖ್ಯವಾಗಿ ನೆಚ್ಚಿಕೊಂಡಿತ್ತು. ಸಾರ್ವಜನಿಕರಿಗೆ ಸಿಗುವ ಸಂಕೇತದ ನಿಖರತೆಯನ್ನು ಅಮೆರಿಕ 2000ದ ಮೇ ತಿಂಗಳವರೆಗೂ ಬೇಕೆಂದೇ ತಗ್ಗಿಸಿತ್ತು. ಹೀಗೆ ಪರರ ಮರ್ಜಿಯಲ್ಲಿರಬಾರದೆಂದು ಯುರೋಪು ರೂಪಿಸಿದ್ದೇ ನಾಗರಿಕ ಆಡಳಿತದ ಗೆಲಿಲಿಯೊ ವ್ಯವಸ್ಥೆ.

ಸುಮಾರು 23,200 ಕಿ.ಮೀ. ಎತ್ತರದಲ್ಲಿ ಸುತ್ತುವ ಈ ಉಪಗ್ರಹಗಳ ಸೇವೆ 2016ರ ಡಿಸೆಂಬರ್‌ನಲ್ಲಿ ಆರಂಭವಾಯಿತು. 2023ರಲ್ಲಿ ಸುಮಾರು 20 ಸೆಂ.ಮೀ. ನಿಖರತೆಯ ಉಚಿತ ಸೇವೆಯೂ ಸೇರಿತು. ನಿಜಕ್ಕೂ ಮೆಚ್ಚತಕ್ಕ ಸಾಧನೆ.

ಆದರೆ ಕೊರತೆಗಳೂ ಉಂಟು. 2019ರ ಜುಲೈನಲ್ಲಿ ಭೂಕೇಂದ್ರಗಳ ದೋಷದಿಂದ ಗೆಲಿಲಿಯೊ ಸುಮಾರು ಒಂದು ವಾರ ಸ್ತಬ್ಧವಾದಾಗ, ಮೊಬೈಲ್‌ಗಳು ಸದ್ದಿಲ್ಲದೆ ಜಿಪಿಎಸ್ ಮೊರೆಹೊಕ್ಕವು. 2022ರ ಉಕ್ರೇನ್ ಯುದ್ಧದಿಂದಾಗಿ ರಷ್ಯಾದ ಸೊಯುಜ್ ರಾಕೆಟ್ ಕೈತಪ್ಪಿತು. ಯುರೋಪಿನದೇ ಆದ ಏರಿಯಾನ್-6 ಸಿದ್ಧವಾಗುವುದು ತಡವಾಯಿತು. ಪರಿಣಾಮವಾಗಿ 2024ರಲ್ಲಿ ನಾಲ್ಕು ಗೆಲಿಲಿಯೊ ಉಪಗ್ರಹಗಳು ಫ್ಲಾರಿಡಾದಿಂದ, ಅಮೆರಿಕದ ಫಾಲ್ಕನ್-9 ಏರಿ ಹೊರಟವು! ಏರಿಯಾನ್-6 ಗೆಲಿಲಿಯೊ ಉಪಗ್ರಹಗಳನ್ನು ಹೊತ್ತದ್ದು 2025ರ ಡಿಸೆಂಬರ್‌ನಲ್ಲಿ.

ಜಿಪಿಎಸ್ ಜೊತೆಗಿರುವುದು ತಪ್ಪಲ್ಲ; ಎರಡೂ ಸೇರಿದರೆ ಹೆಚ್ಚು ಉಪಗ್ರಹಗಳು ಕಾಣುವುದರಿಂದ ನಿಖರತೆ ಹೆಚ್ಚುತ್ತದೆ. ಆದರೆ ಬೇಕೆಂದು ಬಳಸುವುದು ಬೇರೆ, ಗತ್ಯಂತರವಿಲ್ಲದೆ ಬಳಸುವುದು ಬೇರೆ. ಸ್ವಾವಲಂಬನೆಯನ್ನು ಅಳೆಯುವಾಗ ಆಕಾಶದಲ್ಲಿರುವ ಉಪಗ್ರಹಗಳನ್ನಷ್ಟೇ ಎಣಿಸಿದರೆ ಸಾಲದು. ಅವನ್ನು ಏರಿಸುವ ರಾಕೆಟ್, ಹಗಲಿರುಳು ಕಾಯುವ ಭೂಕೇಂದ್ರ, ಅವು ಕೆಟ್ಟಾಗ ಒದಗುವ ಬದಲಿ ಏರ್ಪಾಡು ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಉಪಗ್ರಹಗಳ ನಿರ್ಮಾಣಕ್ಕೆ ಕೊಟ್ಟ ಗಮನವನ್ನು ಯುರೋಪು ಇವುಗಳಿಗೂ ಕೊಟ್ಟಿದ್ದರೆ ಗೆಲಿಲಿಯೊ ಅಮೆರಿಕದ ಹೆಗಲೇರಬೇಕಾಗಿರಲಿಲ್ಲ.