ಒಂದು ಡಾಲರಿನ ಡಬ್ಬ

ಅಮೆರಿಕದ ಸಣ್ಣ ಊರುಗಳಲ್ಲಿ ಬೇಸ್‌ಬಾಲ್ ಕಾರ್ಡುಗಳ ಮೇಳ ನಡೆಯುವುದು ಹೆಚ್ಚಾಗಿ ಹೋಟೆಲಿನ ಹಾಲಿನಲ್ಲೋ ಚರ್ಚಿನ ಸಭಾಂಗಣದಲ್ಲೋ. ಮಡಚುವ ಮೇಜು, ಗಾಜಿನ ಪೆಟ್ಟಿಗೆ, ಉದ್ದನೆಯ ಬಿಳಿ ರಟ್ಟಿನ ಡಬ್ಬ. ದುಬಾರಿ ಕಾರ್ಡುಗಳು ಗಾಜಿನಡಿ ಮಲಗಿರುತ್ತವೆ. ಮೇಳದ ಸುಖವಿರುವುದು ಮಾತ್ರ ಒಂದೊಂದು ಡಾಲರಿನ ಡಬ್ಬ ತಡಕುವುದರಲ್ಲಿ.

ಆಟಗಾರರ ಚಿತ್ರವಿರುವ ಈ ಕಾರ್ಡುಗಳು ಮೊದಲು ಬಂದದ್ದು ಬೇರೆ ಸರಕಿನ ಬೆನ್ನೇರಿ. 1909–11ರ ಟಿ206 ಸರಣಿ ಸಿಗರೇಟು ಪೊಟ್ಟಣದೊಳಗೆ ಸಿಗುತ್ತಿತ್ತು. ಅದರಲ್ಲಿನ ಹೋನಸ್ ವ್ಯಾಗ್ನರ್ ಕಾರ್ಡು ಈಗ ಕೋಟಿಗಟ್ಟಲೆ ರೂಪಾಯಿಯ ಮಾತು. ಆಮೇಲೆ ಬಬಲ್‌ಗಮ್ ಕಾಲ. ಟಾಪ್ಸ್ ಕಂಪನಿಯ 1952ರ ಸರಣಿಯ 311ನೆಯ ಕಾರ್ಡು, ಮಿಕಿ ಮ್ಯಾಂಟಲ್‌ನದು, 2022ರ ಹರಾಜಿನಲ್ಲಿ 1.26 ಕೋಟಿ ಡಾಲರಿಗೆ ಹೋಯಿತು. ಮಾರಾಟವಾಗದೆ ಉಳಿದಿದ್ದ ಅದೇ ಸರಣಿಯ ಪೆಟ್ಟಿಗೆಗಳನ್ನು ಅಟ್ಲಾಂಟಿಕ್ ಸಾಗರಕ್ಕೆ ಸುರಿಸಿದ ಕಥೆಯನ್ನು ಕಂಪನಿಯ ಸೈ ಬರ್ಗರ್ ಅವರೇ ಹೇಳಿದ್ದಾರೆ.

ಹಳಬರು ಕಾರ್ಡು ನೋಡುವ ರೀತಿಯೇ ಬೇರೆ. ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಉದ್ದದ ರಟ್ಟನ್ನು ಅಂಚಿನಲ್ಲಷ್ಟೇ ಹಿಡಿದು ಬೆಳಕಿಗೆ ಓರೆ ಮಾಡುತ್ತಾರೆ. ಮೇಲ್ಮೈಯ ಗೀರು ಆಗ ಎದ್ದು ಕಾಣುತ್ತದೆ. ಬಳಿಕ ನಾಲ್ಕು ಮೂಲೆ, ಚಿತ್ರದ ಸುತ್ತಲಿನ ಬಿಳಿ ಅಂಚಿನ ಸಮತೂಕ, ಕೊನೆಗೆ ಬೆನ್ನು. ಅಲ್ಲಿ ಚೌಕಾಕಾರದ ಕಂದು ಕಲೆಯಿದ್ದರೆ ಅದು ಬಬಲ್‌ಗಮ್ಮಿನ ಗುರುತು. ಬೆಲೆ ಇಳಿಯುತ್ತದೆ, ಆದರೆ ಅಷ್ಟು ಪ್ರಾಮಾಣಿಕ ಕಲೆ ಇನ್ನೊಂದಿಲ್ಲ.

1980ರ ದಶಕದ ಕೊನೆಯಲ್ಲಿ ಕಂಪನಿಗಳು ಮಿತಿಮೀರಿ ಮುದ್ರಿಸಿದವು. ಮಕ್ಕಳ ಓದಿಗಾಗುತ್ತದೆಂದು ಕೂಡಿಟ್ಟ ಆ ಕಾರ್ಡುಗಳೇ ಇಂದು ಡಬ್ಬ ತುಂಬಿರುವುದು. ಮಧ್ಯಾಹ್ನ ಮೂರರ ಮೇಲೆ ಅವು ಇನ್ನೂ ಅಗ್ಗ: ಭಾರದ ಡಬ್ಬಗಳನ್ನು ಮತ್ತೆ ಕಾರಿಗೆ ಹೊರುವುದು ಯಾವ ವ್ಯಾಪಾರಿಗೂ ಬೇಡ.